ಫೋರ್ಸೆಪ್ಸಿಗೆ ಇಕ್ಕಳವೋ ಚಿಮಟವೋ? (ನಾಳೆ ಬೆಳಿಗ್ಗೆ ಮುದ್ರಣ)

ಗದಗದಿಂದ:

ಮಾನ್ಯರೇ,

ನಾನು ಗದಗದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಇಲ್ಲಿನ ಪಶುವೈದ್ಯಕೀಯ ಕಾಲೇಜಿಗೆ ಹೊಸದಾಗಿ ಸೇರುವವರಿಗೆ ಹಂಚಲೆಂದು ಹಿರಿಯ ವಿದ್ಯಾರ್ಥಿಗಳು ಒಂದು ಹಾಳೆ ತಂದುಕೊಟ್ಟಿದ್ದಾರೆ. ಸೇರುವ ಮುಂಚೆ ಯಾವ ಸಾಮಾನು ಕೊಳ್ಳಬೇಕು, ಯಾವುದಕ್ಕೆ ಅವಸರವಿಲ್ಲ ಎಂಬುದು ಅದರಲ್ಲಿದೆ. ಇಂಗ್ಲಿಷಿನಲ್ಲಿರುವುದನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಮಕ್ಕಳಿಗೆ ಇಂಗ್ಲಿಷ್ ಸಾಕು. ಆದರೆ ಅಂಗಡಿಯಲ್ಲಿ ದುಡ್ಡು ಎಣಿಸುವವರು ರೋಣ, ಮುಂಡರಗಿ, ಶಿರಹಟ್ಟಿ ಕಡೆಯ ತಂದೆತಾಯಿಗಳು. ಯಾವುದಕ್ಕೆ ಹಣ ಹೋಗುತ್ತಿದೆ ಎಂಬುದು ಅವರಿಗೆ ಓದಿದ ಕೂಡಲೇ ತಿಳಿಯಬೇಕು.

ಏಪ್ರನ್, ಗಂಬೂಟು, ಕೈಗವಸು ಇವುಗಳಿಗೆ ತೊಂದರೆಯಿಲ್ಲ. ಹಿಡಿಯುವ ಫೋರ್ಸೆಪ್ಸ್, ಕೊಯ್ಯುವ ಸ್ಕಾಲ್ಪೆಲ್, ಸ್ಟೆತಾಸ್ಕೋಪ್, ಈ ಮೂರರಲ್ಲಿ ಸಿಕ್ಕಿಕೊಂಡಿದ್ದೇನೆ. ಫೋರ್ಸೆಪ್ಸಿಗೆ ‘ಇಕ್ಕಳ’ ಎಂದು ಹಾಕಿದರೆ ವಿದ್ಯಾರ್ಥಿಗಳು ಅದು ಅಡುಗೆಮನೆಯದು ಎನ್ನುತ್ತಾರೆ. ‘ಚಿಮಟ’ ಎಂದರೆ ನಮ್ಮ ಮಾಲೀಕರು ಒಪ್ಪುತ್ತಿಲ್ಲ. ನಾಳೆ ಬೆಳಿಗ್ಗೆ ಹಾಳೆ ಯಂತ್ರಕ್ಕೆ ಹೋಗಬೇಕು. ಇಂದು ರಾತ್ರಿಯೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.

ಧಾರವಾಡದಿಂದ:

ಇಕ್ಕಳ. ಇದರಲ್ಲಿ ಚರ್ಚೆಗೆ ಏನಿದೆ?

ಇರ್ + ಕೆಲ ಇಕ್ಕೆಲವಾಯಿತು, ಇರ್ + ಪತ್ತು ಇಪ್ಪತ್ತಾಯಿತು, ಇರ್ + ಮಡಿ ಇಮ್ಮಡಿಯಾಯಿತು. ಹಾಗೆಯೇ ಇರ್ + ಕುಳ ಇಕ್ಕುಳವಾಗಿ ಇಕ್ಕಳವಾಗಿದೆ ಎಂಬುದು ನನ್ನ ಬಹುಕಾಲದ ನಿಲುವು. ನೇಗಿಲಿಗೆ ಒಂದು ಕುಳ, ಇದಕ್ಕೆ ಎರಡು. ಕಬ್ಬಿಣದ ಎರಡು ತೋಳು ಸೇರಿ ಹಿಡಿಯುವ ಯಾವ ಉಪಕರಣಕ್ಕೂ ಇದಕ್ಕಿಂತ ಒಪ್ಪುವ ಪದ ಇನ್ನೊಂದು ಭಾಷೆಯಲ್ಲಿಯೂ ಸಿಗದು. ಚಿಮಟ ಮರಾಠಿಯದು. ಮುಂಬೈ ಪ್ರಾಂತದ ಕಾಲದಲ್ಲಿ ಶಾಲೆ, ಕಚೇರಿಗಳಲ್ಲಿ ಮರಾಠಿ ಹೇರಿಸಿಕೊಂಡವರು ನಾವು. 1956ರಲ್ಲಿ ಒಂದಾದ ಮೇಲೂ ಅದರ ಸಾಮಾನನ್ನು ಮನೆಯೊಳಗೆ ಇಟ್ಟುಕೊಳ್ಳಬೇಕಾಗಿಲ್ಲ.

ಸ್ಟೆತಾಸ್ಕೋಪಿಗೆ ‘ಎದೆದರ್ಶಕ’ ಎಂದು ಬರೆಯುವವರಿದ್ದಾರೆ. ಬೇಡ. ಅದು ನೋಡುವ ಉಪಕರಣವಲ್ಲ, ಕೇಳುವ ಉಪಕರಣ. ‘ಆಲಿಗೊಳವೆ’ ಎನ್ನಿ. ಆಲಿಸುವ ಕೊಳವೆ. ಫ್ರಾನ್ಸಿನ ವೈದ್ಯ ಲೆನೆಕ್ 1816ರಲ್ಲಿ ರೋಗಿಯ ಎದೆಗೆ ಹಚ್ಚಿ ಕೇಳಿದ್ದು ಸುರುಳಿ ಸುತ್ತಿದ ಕಾಗದದ ಕೊಳವೆಯಿಂದಲೇ. ಸ್ಕಾಲ್ಪೆಲ್‌ಗೆ ‘ಕಿರುಗತ್ತಿ’.

ಹುಬ್ಬಳ್ಳಿಯಿಂದ:

ಆಲಿ ಎಂದರೆ ಕನ್ನಡದಲ್ಲಿ ಕಣ್ಣಗುಡ್ಡೆ. ದರ್ಶಕ ಬೇಡವೆಂದು ಹೊರಟು ಕಣ್ಣನ್ನೇ ತಂದು ಇಟ್ಟಂತಾಯಿತು. ಈ ಪದ ನಡೆಯುವುದಿಲ್ಲ.

ಇಕ್ಕಳದ ವ್ಯುತ್ಪತ್ತಿಯ ಬಗ್ಗೆ: ಹಳಗನ್ನಡ ರೂಪದಲ್ಲಿ ಅಲ್ಲಿರುವುದು ಳಕಾರವೋ, ಈಗ ಬಳಕೆಯಲ್ಲಿಲ್ಲದ ಹಳೆಯ ಅಕ್ಷರವಾದ ೞಕಾರವೋ ಎಂಬುದನ್ನು ಮೊದಲು ತೋರಿಸಿ. ನೇಗಿಲಿನ ಕುಳದಲ್ಲಿರುವುದು ಯಾವುದು ಎಂಬುದನ್ನೂ ತೋರಿಸಿ. ಆಮೇಲೆ ಎರಡನ್ನೂ ಕೂಡಿಸೋಣ.

ಹಾವೇರಿಯಿಂದ:

ಅಕ್ಕನವರೇ, ನಾನು ಪಶುಪಾಲನಾ ಇಲಾಖೆಯಲ್ಲಿ ದನದ ದವಾಖಾನೆಗಳಲ್ಲಿ ದುಡಿದವನು. ಪದದ ಮೂಲ ಹುಡುಕುವ ಮೊದಲು ವಸ್ತುವನ್ನು ಕೈಯಲ್ಲಿ ಹಿಡಿದು ನೋಡಬೇಕು ಎಂಬುದು ನನ್ನ ಆಗ್ರಹ.

ಸತ್ತ ಪ್ರಾಣಿಯನ್ನು ಕೊಯ್ದು ಕಲಿಯಲು ಬೇಕಾದ ಡಿಸೆಕ್ಷನ್ ಪೆಟ್ಟಿಗೆಯಲ್ಲಿ ಫೋರ್ಸೆಪ್ಸ್ ಎಂಬ ಒಂದೇ ಹೆಸರಿನಲ್ಲಿ ಎರಡು ಜಾತಿಯ ಸಾಮಾನು ಇರುತ್ತದೆ. ಒಂದು, ಹಿಂದೆ ಕೂಡಿಕೊಂಡು ಮುಂದೆ ಬಿಚ್ಚಿಕೊಂಡಿರುವ ಎರಡು ಪಟ್ಟಿ. ಬೆರಳಿನಿಂದ ಅದುಮಿದರೆ ಹಿಡಿಯುತ್ತದೆ, ಬಿಟ್ಟರೆ ಬಿಡುತ್ತದೆ. ಪತ್ತಾರರು ಬಂಗಾರದ ಗುಂಡು ಎತ್ತುವುದು ಇಂಥದ್ದರಿಂದಲೇ. ಅದು ಚಿಮಟ. ಇನ್ನೊಂದು, ಕತ್ತರಿಯಂತೆ ನಡುವೆ ಕೀಲು, ಬೆರಳು ತೂರಿಸಲು ಎರಡು ಬಳೆ, ಬಳೆಗಳ ನಡುವೆ ಹಲ್ಲು. ಒಮ್ಮೆ ಒತ್ತಿದರೆ ಕಚ್ಚಿಕೊಂಡು ಕೂರುತ್ತದೆ. ರಕ್ತನಾಳ ಹಿಡಿಯುವುದು ಇದರಿಂದ. ಅದು ಇಕ್ಕಳ. ಕನ್ನಡದಲ್ಲಿ ಎರಡು ವಸ್ತುವಿಗೆ ಎರಡು ಪದ ಇರುವಾಗ ಒಂದನ್ನು ಹೊರಗೆ ಹಾಕಿ ಇಂಗ್ಲಿಷಿನ ಗೊಂದಲವನ್ನೇ ಒಳಗೆ ಕರೆದುಕೊಳ್ಳುವುದೇಕೆ?

ಹಾಳೆಯಲ್ಲಿ ಕೊಳ್ಳುವಾಗ ಪರೀಕ್ಷಿಸುವ ಕ್ರಮವನ್ನೂ ದಯವಿಟ್ಟು ಹಾಕಿ. ಪದಕ್ಕಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಇಕ್ಕಳವನ್ನು ಮುಚ್ಚಿ ಬೆಳಕಿಗೆ ಹಿಡಿಯಬೇಕು. ತುದಿಯಲ್ಲಿ ಎರಡು ದವಡೆಗಳ ನಡುವೆ ಬೆಳಕು ಕಂಡರೆ ವಾಪಸ್ ಕೊಡಬೇಕು. ಆಮೇಲೆ ಮೊದಲನೇ ಹಲ್ಲಿಗೆ ಮಾತ್ರ ಕಚ್ಚಿಸಿ, ಕೀಲಿನ ಹತ್ತಿರ ಹಿಡಿದು, ಬಳೆಯ ಭಾಗವನ್ನು ಮೇಜಿನ ಅಂಚಿಗೆ ಮೆಲ್ಲಗೆ ತಟ್ಟಬೇಕು. ತಾನಾಗಿ ಬಿಚ್ಚಿಕೊಂಡರೆ ಅದು ಮುಂದೆ ನಾಳವನ್ನು ಹಿಡಿದು ನಿಲ್ಲುವುದಿಲ್ಲ.

ಸ್ಕಾಲ್ಪೆಲ್‌ನ ಸಂಗತಿಯೂ ಇಂಥದ್ದೇ. ‘ಕಿರುಗತ್ತಿ’ ಎಂದರೆ ಒಂದು ಚಾಕು ಎಂದು ತಿಳಿಯುತ್ತಾರೆ. ಅದು ಹಿಡಿಕೆ ಬೇರೆ, ಅಲಗು ಬೇರೆ. 3ನೇ ನಂಬರಿನ ಹಿಡಿಕೆಗೆ 10ರಿಂದ 15ರವರೆಗಿನ ಅಲಗು, 4ನೇ ನಂಬರಿನ ಹಿಡಿಕೆಗೆ 20ರಿಂದ 24ರವರೆಗಿನ ಅಲಗು. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ನಂಬರು ನೋಡದೆ ಅಲಗಿನ ಡಬ್ಬಿ ಕೊಂಡು ಮನೆಗೆ ಹೋದವರು ಮತ್ತೆ ಬಸ್ ಹತ್ತಿ ಹುಬ್ಬಳ್ಳಿಗೆ ಬರಬೇಕಾಗುತ್ತದೆ. ‘ಶಸ್ತ್ರದ ಹಿಡಿಕೆ’, ‘ಶಸ್ತ್ರದ ಅಲಗು’ ಎಂದು ಬೇರೆ ಬೇರೆ ಸಾಲಿನಲ್ಲಿ ನಂಬರು ಸಮೇತ ಹಾಕಿ.

ಸ್ಟೆತಾಸ್ಕೋಪನ್ನು ಹಾಗೆಯೇ ಬಿಡಿ. ಯಾಕೆಂದರೆ ಎದೆ ಎನ್ನುವ ಯಾವ ಪದವೂ ನಮ್ಮ ಕೆಲಸಕ್ಕೆ ಸಾಲದು. ಮೇವು ಬಿಟ್ಟ ಎಮ್ಮೆ ಬಂದರೆ ನಾವು ಎದೆಯಷ್ಟೇ ಮುಖ್ಯವಾಗಿ ಎಡಪಕ್ಕೆಯ ಕುಳಿಯಲ್ಲಿ ಅದನ್ನು ಒತ್ತಿ ಹಿಡಿಯುತ್ತೇವೆ. ಮೆಲುಕಿನ ಹೊಟ್ಟೆ ಹೊರಳುವ ಸದ್ದು ದೂರದ ಗುಡುಗಿನಂತೆ ಏರಿ ಇಳಿಯುತ್ತದೆ. ಅದು ನಿಂತಿದೆಯೋ ನಡೆದಿದೆಯೋ ಎಂಬುದರ ಮೇಲೆ ಮುಂದಿನ ಚಿಕಿತ್ಸೆ. ಅಂದಹಾಗೆ, ಮೊದಲ ವರ್ಷದಲ್ಲಿ ಅಂಗರಚನೆ, ಶರೀರಕ್ರಿಯೆ, ಜಾನುವಾರು ಸಾಕಣೆ ಇವೇ ಪಾಠ. ರೋಗಿಯನ್ನು ಪರೀಕ್ಷಿಸುವ ಹೊತ್ತು ಆಮೇಲೆ ಬರುತ್ತದೆ. ಐದೂವರೆ ವರ್ಷದ ಓದು ಮುಂದಿದೆ. ದುಬಾರಿ ಸ್ಟೆತಾಸ್ಕೋಪನ್ನು ಸೇರುವ ಮೊದಲೇ ಕೊಳ್ಳಬೇಕಾಗಿಲ್ಲ ಎಂದು ದಪ್ಪ ಅಕ್ಷರದಲ್ಲಿ ಹಾಕಿ. ಗಂಬೂಟಿನಲ್ಲಿ ಮಾತ್ರ ಜಿಪುಣತನ ಬೇಡ. ಅಡಿ ನುಣುಪಾಗಿದ್ದರೆ ಸೆಗಣಿ, ಗಂಜಲದ ನೆಲದಲ್ಲಿ ಕಾಲು ನಿಲ್ಲುವುದಿಲ್ಲ.

ಧಾರವಾಡದಿಂದ:

ವಸ್ತುಜ್ಞಾನಕ್ಕೆ ನಮಸ್ಕಾರ. ಆದರೆ ಸ್ಟೆತಾಸ್ಕೋಪನ್ನು ‘ಹಾಗೆಯೇ ಬಿಡಿ’ ಎನ್ನುವುದು ಸೋಮಾರಿತನ. ಹೀಗೆ ಬಿಟ್ಟೂ ಬಿಟ್ಟೂ ಕನ್ನಡದಲ್ಲಿ ವಿಜ್ಞಾನ ಬರೆಯಲು ಆಗದು ಎಂಬ ಮಾತು ಹುಟ್ಟಿಕೊಂಡಿದೆ. ಪದ ಕಟ್ಟಿದ ಮೇಲೆ ಬಳಕೆ ಬರುತ್ತದೆ. ಬಳಕೆ ಬರಲಿ, ಆಮೇಲೆ ಕಟ್ಟೋಣ ಎಂದು ಕುಳಿತರೆ ಯಾವ ಭಾಷೆಯೂ ಬೆಳೆಯುವುದಿಲ್ಲ. ಆಲಿಗೊಳವೆ ಒಗ್ಗದಿದ್ದರೆ ‘ಕೇಳುಗೊಳವೆ’ ಎನ್ನಿ. ಎದೆಯೂ ಇಲ್ಲ, ಕಣ್ಣೂ ಇಲ್ಲ.

ಚಿಮಟದ ವಿಷಯದಲ್ಲಿ ಒಪ್ಪಲಾರೆ. ಸಣ್ಣದಕ್ಕೆ ‘ಕಿರು ಇಕ್ಕಳ’ ಸಾಕು.

ಹುಬ್ಬಳ್ಳಿಯಿಂದ:

ಮರಾಠಿಯಲ್ಲಿ ಇದೆ ಎಂದ ಮಾತ್ರಕ್ಕೆ ಮರಾಠಿಯಿಂದ ಬಂದದ್ದು ಎಂದು ತೀರ್ಪು ಕೊಡುವುದು ಯಾವ ನ್ಯಾಯ? ನಮ್ಮಲ್ಲಿ ‘ಚಿವುಟು’ ಧಾತು ಇದೆ. ಕೊಟ್ಟದ್ದು ಯಾರು, ಕೊಂಡದ್ದು ಯಾರು ಎಂಬುದನ್ನು ಎರಡೂ ಕಡೆಯ ಲೆಕ್ಕ ನೋಡದೆ ಹೇಳಲಾಗದು. ಮರಾಠಿಯದೇ ಎಂದಾದರೂ ನನಗೆ ಅಡ್ಡಿಯಿಲ್ಲ.

ಹಾವೇರಿಯವರು ‘ದನದ ದವಾಖಾನೆ’ ಎಂದರು. ನಮ್ಮ ಭಾಗದಲ್ಲಿ ಯಾರೂ ಬೇರೆ ಹೆಸರಿನಿಂದ ಅದನ್ನು ಕರೆಯುವುದಿಲ್ಲ. ದವಾ ಅರಬ್ಬಿ, ಖಾನೆ ಫಾರಸಿ, ದನ ನಮ್ಮದು. ಎತ್ತಿಗೆ ನಾಲು, ಅಂದರೆ ಲಾಳ, ಕಟ್ಟುವವನು ನಾಲಬಂದ. ‘ನಾಲ್’ ಅರಬ್ಬಿ, ‘ಬಂದ್’ ಫಾರಸಿ. ಆ ಹೆಸರನ್ನೇ ಅಡ್ಡಹೆಸರಾಗಿ ಹೊತ್ತ ಮನೆತನಗಳು ನಮ್ಮ ಓಣಿಗಳಲ್ಲಿವೆ. ಅವರನ್ನು ಕನ್ನಡಿಗರಲ್ಲ ಎನ್ನುತ್ತೀರಾ? ಧಾರವಾಡದವರು ಲೆನೆಕ್‌ನ ಕೈಗೆ ಕೊಟ್ಟ ‘ಕಾಗದ’ವೂ ಫಾರಸಿಯಿಂದ ಬಂದದ್ದು. ಈ ಪದಗಳನ್ನು ಯಾರೂ ಸಭೆ ಸೇರಿಸಿ ಒಳಗೆ ತರಲಿಲ್ಲ. ದನ, ಎತ್ತು, ಹೊಲ, ಸಂತೆಗಳ ನಡುವೆ ಕೆಲಸ ಮಾಡುವವರು ಬಾಯಿಗೆ ತೆಗೆದುಕೊಂಡರು, ಅವು ನಮ್ಮವಾದವು. ಸ್ಟೆತಾಸ್ಕೋಪ್ ಕೂಡ ಹಾಗೆ ಬಂದಿದೆ. ಅದನ್ನು ಹೊರಗೆ ದಬ್ಬಿ ‘ಕೇಳುಗೊಳವೆ’ ಎಂದು ಅಚ್ಚು ಹಾಕಿಸಿದರೆ ಮುಂಡರಗಿಯ ರೈತ ಅಂಗಡಿಯವನ ಮುಂದೆ ಏನೆಂದು ಕೇಳಬೇಕು? ಭಾಷೆಯನ್ನು ಉಳಿಸುವ ಹೆಸರಿನಲ್ಲಿ ಅವನನ್ನು ಮೂಕನನ್ನಾಗಿ ಮಾಡಬೇಡಿ.

ಹಾವೇರಿಯಿಂದ:

ಇನ್ನೊಂದು ಮಾತು. ಪಟ್ಟಿಯಲ್ಲಿ ಥರ್ಮಾಮೀಟರ್ ಇದ್ದೇ ಇರುತ್ತದೆ. ಅದಕ್ಕೆ ‘ಜ್ವರಮಾಪಕ’ ಎಂದು ಹಾಕಬೇಡಿ. ಆಕಳ ಮೈ ಆರೋಗ್ಯದಲ್ಲಿಯೇ 101.5 ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸಿನಲ್ಲಿರುತ್ತದೆ. ಮನೆಯಲ್ಲಿ ಮಕ್ಕಳ ಜ್ವರ ನೋಡಿದ ಕಣ್ಣಿಗೆ ಅದು ಜ್ವರವೆಂದೇ ಕಾಣುತ್ತದೆ. ಹಿಂದಿನ ತುದಿಯಲ್ಲಿ ಬಳೆ ಇರುವ ಥರ್ಮಾಮೀಟರ್ ಸಿಕ್ಕರೆ ಒಳ್ಳೆಯದು. ಅದಕ್ಕೆ ದಾರ ಕಟ್ಟಿ, ದಾರದ ಇನ್ನೊಂದು ತುದಿಯ ಕ್ಲಿಪ್ಪನ್ನು ಬಾಲದ ಕೂದಲಿಗೆ ಸಿಕ್ಕಿಸುತ್ತೇವೆ. ಗುದದಲ್ಲಿಟ್ಟದ್ದು ಜಾರಿ ಕೆಳಗೆ ಬಿದ್ದು ಒಡೆಯುವುದಿಲ್ಲ, ಒಳಗೂ ಹೋಗುವುದಿಲ್ಲ.

ಪದ ಉಳಿಸಬೇಕೆಂಬ ಕಳಕಳಿ ಧಾರವಾಡದವರಿಗೆ ಇದ್ದರೆ ‘ಗೊಟ್ಟ’ವನ್ನು ಉಳಿಸಲಿ. ದನದ ಬಾಯಿಗೆ ಔಷಧಿ ಹೊಯ್ಯುವ ಬಿದಿರಿನ ಕೊಳವೆ ಅದು. ಈಗ ಹುಡುಗರು ಬಾಟಲಿಯಲ್ಲಿ ಹೊಯ್ದು ‘ಡ್ರೆಂಚಿಂಗ್’ ಎನ್ನುತ್ತಾರೆ. ಇದ್ದ ಪದ ಕಣ್ಣೆದುರೇ ಹೋಗುತ್ತಿರುವಾಗ ಇಲ್ಲದ ಪದ ಹೊಸೆಯುವುದರಲ್ಲಿ ನನಗೆ ಆಸಕ್ತಿಯಿಲ್ಲ.

ಗದಗದಿಂದ:

ಎಲ್ಲರಿಗೂ ಕೃತಜ್ಞತೆಗಳು. ಹಾಳೆ ಹೀಗೆ ಸಿದ್ಧವಾಗಿದೆ: ಬೆರಳಿನಿಂದ ಅದುಮುವುದಕ್ಕೆ ‘ಚಿಮಟ’, ಬಳೆ ಇರುವುದಕ್ಕೆ ‘ಕಚ್ಚಿಕೊಳ್ಳುವ ಇಕ್ಕಳ’, ಎರಡರ ಮುಂದೆಯೂ ಫೋರ್ಸೆಪ್ಸ್ ಎಂಬ ಅಂಗಡಿಯ ಹೆಸರನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಶಸ್ತ್ರದ ಹಿಡಿಕೆ, ಅಲಗು ನಂಬರು ಸಮೇತ ಎರಡು ಸಾಲು. ಸ್ಟೆತಾಸ್ಕೋಪ್, ಥರ್ಮಾಮೀಟರ್ ಹಾಗೆಯೇ ಇವೆ. ಬೆಳಕಿಗೆ ಹಿಡಿದು, ಮೇಜಿಗೆ ತಟ್ಟಿ ನೋಡುವ ಕ್ರಮಕ್ಕೆ ಚೌಕಟ್ಟು ಹಾಕಿಸಿದ್ದೇನೆ. ಅದನ್ನು ಓದಿದ ಮೇಲೆ ನಮ್ಮ ಮಾಲೀಕರೂ ಚಿಮಟಕ್ಕೆ ಒಪ್ಪಿದರು.

ಧಾರವಾಡದಿಂದ:

ನನ್ನ ಅಸಮ್ಮತಿ ದಾಖಲಾಗಲಿ. ಗೊಟ್ಟದ ಬಗ್ಗೆ ಹಾವೇರಿಯವರು ಬೇರೆ ಓಲೆ ಬರೆಯಲಿ. ಅದರ ಆಕಾರ, ಅಳತೆ, ತುದಿಯನ್ನು ಕೊಯ್ಯುವ ಬಗೆ, ಯಾವ ಊರಿನಲ್ಲಿ ಇನ್ನೂ ಬಳಕೆಯಲ್ಲಿದೆ, ಎಲ್ಲವೂ ಬೇಕು.