ಗುಡಿಗೆ ಹೋಗದವರೆಲ್ಲ ನಾಸ್ತಿಕರೇನು?

ಅತ್ತಿಕೊಳ್ಳ ಮಾಸ್ತರ: ಧಾರವಾಡದಾಗ ಪಿಯು ಮಕ್ಕಳ ಚರ್ಚಾಸ್ಪರ್ಧೆಗೆ "ನಾಸ್ತಿಕತೆಯೂ ಒಂದು ಧರ್ಮವೇ?" ಅಂತ ವಿಷಯ ಇಟ್ಟಾರ. ಪರ ಮಾತಾಡೋರು ನಾಸ್ತಿಕ, ಅಜ್ಞೇಯವಾದಿ, ವಿಚಾರವಾದಿ, ಸೆಕ್ಯುಲರ್ ಎಲ್ಲಾರನ್ನೂ ಒಂದ ಚೀಲಕ್ಕ ತುಂಬತಾರ, ವಿರೋಧ ಮಾತಾಡೋರೂ ಅದನ್ನ ಮಾಡತಾರ. ಮಕ್ಕಳಿಗೆ ಟಿಪ್ಪಣಿ ಬರದು ಕೊಡಬೇಕಾಗೇತಿ. ಯಾವುದು ಎಲ್ಲಿ ಬ್ಯಾರೆ ಆಗತೈತಿ ಅಂತ ತಿಳಿದವರು ಹೇಳ್ರಿ. ಬೈದಾಟ ಬ್ಯಾಡ.

ತರ್ಕದ ತಕ್ಕಡಿ: ಮಾಸ್ತರ, ಮೊದಲು ಎರಡು ಪ್ರಶ್ನೆಗಳನ್ನು ಬೇರೆ ಮಾಡಿಸಿ. "ದೇವರಿದ್ದಾನೆ ಅಂತ ನಂಬ್ತೀಯಾ?" ಇದು ನಂಬಿಕೆಯ ಪ್ರಶ್ನೆ. "ಇದ್ದಾನೋ ಇಲ್ಲವೋ ಅಂತ ತಿಳಿಯೋಕೆ ಸಾಧ್ಯವಾ?" ಇದು ಅರಿವಿನ ಪ್ರಶ್ನೆ. ಮೊದಲನೆಯದಕ್ಕೆ ಹೌದು ಅನ್ನದವನು ನಾಸ್ತಿಕ. ಎರಡನೆಯದಕ್ಕೆ ಸಾಧ್ಯವಿಲ್ಲ ಅನ್ನುವವನು ಅಜ್ಞೇಯವಾದಿ. ಆ ಹೆಸರನ್ನು 1869ರಲ್ಲಿ ಕೊಟ್ಟವನು ಇಂಗ್ಲೆಂಡಿನ ಜೀವವಿಜ್ಞಾನಿ ಥಾಮಸ್ ಹಕ್ಸ್‌ಲಿ. ಪ್ರಶ್ನೆಗಳು ಬೇರೆ ಆದ್ದರಿಂದ ಒಬ್ಬನೇ ಎರಡೂ ಆಗಬಹುದು. "ತಿಳಿಯೋಕಾಗಲ್ಲ, ಆದರೂ ನಂಬ್ತೀನಿ" ಅನ್ನುವ ಭಕ್ತರೂ ಬೇಕಾದಷ್ಟಿದ್ದಾರೆ.

ಇನ್ನು ನಾಸ್ತಿಕರಲ್ಲೇ ಎರಡು ಬಗೆ. "ನಂಬಲು ಸಾಕಷ್ಟು ಕಾರಣ ಸಿಕ್ಕಿಲ್ಲ" ಅನ್ನುವವನು ಒಬ್ಬ, "ದೇವರು ಇಲ್ಲವೇ ಇಲ್ಲ" ಅನ್ನುವವನು ಇನ್ನೊಬ್ಬ. ಎರಡನೆಯವನು ಒಂದು ವಾದ ಮಂಡಿಸಿದ್ದಾನೆ, ರುಜುವಾತಿನ ಹೊಣೆ ಅವನ ಮೇಲೂ ಬೀಳುತ್ತೆ. ಮೊದಲನೆಯವನು ಯಾವುದನ್ನೂ ಮಂಡಿಸಿಲ್ಲ. ಮಕ್ಕಳು ಎಡವೋದು ಇಲ್ಲೇ: ಎರಡನೆಯವನಿಗೆ ಏಟು ಕೊಟ್ಟು, ಮೊದಲನೆಯವನನ್ನು ಸೋಲಿಸಿದೆವು ಅಂತ ಚಪ್ಪಾಳೆ ತಗೊಳ್ತಾರೆ.

ಉಣಕಲ್ ಕೆರಿ ದಂಡಿ: ಅಜ್ಞೇಯವಾದಿ ಅಂದ್ರ ಮನಿಯವರಿಗೆ ಹೆದರಿದ ನಾಸ್ತಿಕ. ಮುಗೀತು.

ತರ್ಕದ ತಕ್ಕಡಿ: ಹೆದರಿದವರೂ ಇರಬಹುದು ಸರ, ಆದರೆ ಅದು ಅವರ ಸ್ವಭಾವ, ವಾದವಲ್ಲ. ಹಕ್ಸ್‌ಲಿ ಪಾದ್ರಿಗಳ ಜೊತೆ ಬಹಿರಂಗವಾಗಿ ಜಗಳಕ್ಕಿಳಿದವನು. ಆಧಾರ ಇದ್ದಷ್ಟೇ ಒಪ್ಪು, ಇಲ್ಲದ್ದನ್ನು ಗೊತ್ತಿದೆ ಅನ್ನಬೇಡ ಅನ್ನೋದು ಅವನ ಪಟ್ಟು.

ಲಕ್ಕುಂಡಿ ಮೆಟ್ಟಿಲಬಾವಿ: ತಕ್ಕಡಿಯವರು ಹೇಳಿದ್ದು ಯುರೋಪಿನ ಅಳತಿ. ಅದನ್ನ ಹಂಗ ತಂದು ನಮ್ಮ ದರ್ಶನಗಳ ಮ್ಯಾಲೆ ಇಟ್ಟರ ಅರ್ಧ ಹೊಂದತೈತಿ, ಅರ್ಧ ಹೊಂದಂಗಿಲ್ಲ. ಮನುಸ್ಮೃತಿ ಎರಡನೇ ಅಧ್ಯಾಯದಾಗ ವೇದ ನಿಂದಿಸುವವನೇ ನಾಸ್ತಿಕ ಅಂತ ಐತಿ. ಅಲ್ಲಿ ಕೇಳೂದು ದೇವರ ಬಗ್ಗೆ ಅಲ್ಲ, ವೇದದ ಬಗ್ಗೆ. ಹಿಂಗಾಗಿ ವೇದದ ಯಾಗವಿಧಿಗಳ ವಿಚಾರ ಮಾಡುವ, ಆದರ ಸೃಷ್ಟಿಕರ್ತನನ್ನ ಒಪ್ಪದ ಪೂರ್ವಮೀಮಾಂಸೆ ಆಸ್ತಿಕ ದರ್ಶನ ಆತು. ಸ್ವರ್ಗ, ನರಕ, ಕರ್ಮ, ಪುನರ್ಜನ್ಮ ಎಲ್ಲಾ ಒಪ್ಪುವ ಜೈನ ಬೌದ್ಧರು ನಾಸ್ತಿಕರಾದರು.

ಮೀಮಾಂಸಕರನ್ನ ಸ್ವಲ್ಪ ಹತ್ರದಿಂದ ನೋಡ್ರಿ, ಮಜಾ ಐತಿ. ಇವತ್ತು ಯಾಗ ಮಾಡಿದರ ಫಲ ಎಷ್ಟೋ ವರ್ಷದ ಮ್ಯಾಲೆ ಸಿಗತೈತಿ. ನಡುವ ಆ ಫಲ ಎಲ್ಲಿರತೈತಿ? ದೇವರು ಲೆಕ್ಕ ಇಟ್ಟಿರತಾನ ಅನ್ನೂದು ಸುಲಭದ ಉತ್ತರ. ಮೀಮಾಂಸಕರು ಅದನ್ನ ಒಪ್ಪಲಿಲ್ಲ. ಯಾಗದಿಂದ "ಅಪೂರ್ವ" ಅನ್ನೋ ಕಾಣದ ಶಕ್ತಿ ಹುಟ್ಟತೈತಿ, ಅದ ಫಲ ಕೊಡತೈತಿ ಅಂದರು. ದೇವತೆಗಳಿಗೆ ಮೈ ಇಲ್ಲ, ಹವಿಸ್ಸು ಉಣ್ಣಂಗಿಲ್ಲ, ಮಂತ್ರದಾಗ ಹೆಸರು ಬಂದರ ಸಾಕು ಅಂತ ಮೀಮಾಂಸಾ ಸೂತ್ರಗಳಿಗೆ ಶಬರಸ್ವಾಮಿ ಬರದ ಭಾಷ್ಯದಾಗ ವಾದ ಐತಿ. ಹೋಮಕುಂಡದ ಮುಂದ ಕುಂತಾಂವ, ಮಂತ್ರ ಒಂದಕ್ಷರ ತಪ್ಪಿಸಂಗಿಲ್ಲ, ಆದರ ಜಗತ್ತಿಗೆ ಒಬ್ಬ ಮಾಲಕ ಅದಾನ ಅಂತ ಒಪ್ಪಂಗಿಲ್ಲ. ಇವನ್ನ ಯಾವ ಚೀಲಕ್ಕ ಹಾಕ್ತೀರಿ?

ಸಾಂಖ್ಯ ಅನ್ನೋ ಇನ್ನೊಂದು ಆಸ್ತಿಕ ದರ್ಶನದ್ದೂ ಹಂಗ. ಅದರ ಮುಖ್ಯ ಗ್ರಂಥ ಈಶ್ವರಕೃಷ್ಣನ ಸಾಂಖ್ಯಕಾರಿಕೆಯಾಗಿನ 25 ತತ್ವದಾಗ ಈಶ್ವರ ಇಲ್ಲ.

ಬಂಕಾಪುರ ನವಿಲು: ಹಾವೇರಿ ಕಡೆಯದೂ ಒಂದು ಸೇರಿಸಿಕೊಳ್ರಿ. ರಾಷ್ಟ್ರಕೂಟರ ಕಾಲದ ಜಿನಸೇನ ಸಂಸ್ಕೃತದಾಗ ಬರದ ಆದಿಪುರಾಣದಾಗ (ಪಂಪನ ಕನ್ನಡದ್ದಲ್ಲ, ಅದು ಆಮ್ಯಾಲಿಂದು) ಸೃಷ್ಟಿಕರ್ತನ ಮ್ಯಾಲೆ ನೇರ ದಾಳಿ ಐತಿ. ಜಗತ್ತು ಹುಟ್ಟಿಸೋಕ ಮುಂಚೆ ದೇವರು ಎಲ್ಲಿ ನಿಂತಿದ್ದ? ಸಾಮಾನಿಲ್ಲದ ಹೆಂಗ ಮಾಡಿದ? ಸಾಮಾನು ಮೊದಲ ಇತ್ತು ಅಂದ್ರ ಅದನ್ನ ಮಾಡಿದವರು ಯಾರು? ಪೂರ್ಣನಾದವನಿಗೆ ಏನರೆ ಮಾಡಬೇಕು ಅನ್ನೋ ಆಸೆ ಯಾಕ ಹುಟ್ಟಿತು? ಆಟಕ್ಕ ಮಾಡಿದ ಅಂದ್ರ ಹುಡುಗಾಟಿಕಿ ಆತು. ಕರುಣೆಯಿಂದ ಮಾಡಿದ ಅಂದ್ರ ದುಃಖ ಯಾಕಿಟ್ಟ? ಈ ಜಿನಸೇನನ ಶಿಷ್ಯ ಗುಣಭದ್ರ. ಅವನ ಉತ್ತರಪುರಾಣದ ಪ್ರಶಸ್ತಿಯಾಗ (ಕೊನಿಗೆ ಬರೋ ಪರಿಚಯದ ಪದ್ಯಗಳಾಗ) ಬಂಕಾಪುರದ ಹೆಸರು, ಶಕ 820, ಅಂದ್ರ ಕ್ರಿ.ಶ. 898, ಬರತೈತಿ. ನಾಸ್ತಿಕತೆ ಪರದೇಶದಿಂದ ಬಂದ ಸರಕು ಅನ್ನೋ ಭಾಷಣಕಾರರು ಒಮ್ಮೆ ಇತ್ತ ಬರಲಿ.

ಉಣಕಲ್ ಕೆರಿ ದಂಡಿ: ಹಂಗಂದ್ರ ಲಕ್ಕುಂಡಿಯವರ ಒಂದು ಹೇಳಲಿ. ನಿಮ್ಮೂರ ಬ್ರಹ್ಮ ಜಿನಾಲಯದಾಗ ನಾಕು ಮುಖದ ಬ್ರಹ್ಮನ ಮೂರ್ತಿ ಐತೆಲ್ಲ? ಸೃಷ್ಟಿಕರ್ತನನ್ನ ಒಪ್ಪದವರು ಅವನ್ನ ಒಳಗ ಯಾಕ ನಿಲ್ಲಿಸಿದರು?

ಲಕ್ಕುಂಡಿ ಮೆಟ್ಟಿಲಬಾವಿ: ಛಲೋ ಪ್ರಶ್ನೆ. ಅತ್ತಿಮಬ್ಬೆ 1007ರ ಸುಮಾರಿಗೆ ಕಟ್ಟಿಸಿದ ಬಸದಿ ಅದು. ಬ್ರಹ್ಮ ಇರೂದು ಖರೆ, ಪದ್ಮಾವತಿನೂ ಅದಾಳ. ಆದರ ಬಸದಿ ಇರೂದು ಜಿನನಿಗೆ. ಜೈನರಲ್ಲಿ ದೇವತೆಗಳು, ಯಕ್ಷ ಯಕ್ಷಿಯರು ಬೇಕಾದಷ್ಟು ಅದಾರ; ಅವರಿಗೂ ಹುಟ್ಟು ಸಾವು ಐತಿ, ಕರ್ಮ ಐತಿ. ಜಗತ್ತು ಮಾಡಿದಾಂವ ಅಂತ ಯಾರೂ ಇಲ್ಲ. ಅಭಿಷೇಕ ಮಾಡಿದರ ಜಿನ ವರ ಕೊಡಂಗಿಲ್ಲ, ಆತ ರಾಗದ್ವೇಷ ಬಿಟ್ಟಾಂವ. ಪೂಜಿ ಆಗೂದು ಪೂಜಿ ಮಾಡುವವನ ಪರಿಣಾಮಶುದ್ಧಿಗೆ, ಅಂದ್ರ ಅವನ ಮನಸ್ಸಿನ ಭಾವ ಶುದ್ಧ ಆಗಾಕ. ಮೂರ್ತಿ ಐತಿ, ಪೂಜಿ ಐತಿ, ಕರ್ತೃ ಇಲ್ಲ. ಅದಕ್ಕ ಗುಡಿಗೆ ಹೋಗ್ತಾನೋ ಇಲ್ಲೋ ಅನ್ನೂದರ ಮ್ಯಾಲೆ ನಾಸ್ತಿಕ ಅಂತ ತೀರ್ಮಾನ ಮಾಡಾಕ ಬರಂಗಿಲ್ಲ.

ಉಣಕಲ್ ಕೆರಿ ದಂಡಿ: ಬಸವಣ್ಣನವರು ಗುಡಿಯನ್ನೂ ಬ್ಯಾಡ ಅಂದರು, ವೇದಾನೂ ಬ್ಯಾಡ ಅಂದರು. ಅವರು?

ಲಕ್ಕುಂಡಿ ಮೆಟ್ಟಿಲಬಾವಿ: ಮನುವಿನ ಅಳತಿಗೆ ಹಿಡದರ ವೇದನಿಂದಕರು. ತಕ್ಕಡಿಯವರ ಅಳತಿಗೆ ಅಪ್ಪಟ ದೈವಭಕ್ತರು, ವಚನ ವಚನಕ್ಕೂ ಕೂಡಲಸಂಗಮದೇವ ಬರತಾನ. ಪೂಜಾರಿ ಬ್ಯಾಡ, ಮೂಢನಂಬಿಕಿ ಬ್ಯಾಡ ಅನ್ನೂದು ವಿಚಾರವಾದದ ಮಾತು, ನಾಸ್ತಿಕತೆ ಅಲ್ಲ. ನಮ್ಮ ಕಡೆ ಸಭಾದಾಗ ಈ ಎರಡನ್ನೂ ಕಲಸೂದು ಭಾಳ.

ತರ್ಕದ ತಕ್ಕಡಿ: ಸ್ಪರ್ಧೆಯ ವಿಷಯಕ್ಕೆ ಉತ್ತರವೂ ಇಲ್ಲೇ ಸಿಕ್ಕಿತು. ಚಾರ್ವಾಕ (ಕಣ್ಣಿಗೆ ಕಾಣುವ ಲೋಕವನ್ನಷ್ಟೇ ಒಪ್ಪುವ ನಮ್ಮ ಹಳೆಯ ದರ್ಶನದವನು) ಕರ್ತೃವನ್ನು ಒಪ್ಪಲ್ಲ, ಜೈನಮುನಿಯೂ ಒಪ್ಪಲ್ಲ. ಚಾರ್ವಾಕನಿಗೆ ಪೃಥ್ವಿ, ಅಪ್ (ನೀರು), ತೇಜ (ಬೆಂಕಿ), ವಾಯು ನಾಲ್ಕೇ ಭೂತ, ಪ್ರತ್ಯಕ್ಷವೇ ಪ್ರಮಾಣ, ಸತ್ತ ಮೇಲೆ ಏನೂ ಇಲ್ಲ. ಮುನಿಗೆ ಅನಂತ ಜೀವಗಳು, ಜನ್ಮಜನ್ಮದ ಕರ್ಮ, ಪಂಚಮಹಾವ್ರತ. ಒಂದು "ಇಲ್ಲ" ಬಿಟ್ಟರೆ ಇಬ್ಬರಿಗೂ ಹೊಂದುವ ಮಾತೇ ಇಲ್ಲ. ನಾಸ್ತಿಕತೆ ಧರ್ಮ ಅನ್ನುವ ತಂಡ ಮೊದಲು ಇವರಿಬ್ಬರಿಗೂ ಒಪ್ಪಿಗೆಯಾಗುವ ಒಂದು ಆಚರಣೆ, ಒಂದು ನೀತಿ ತೋರಿಸಲಿ.

ಉಣಕಲ್ ಕೆರಿ ದಂಡಿ: ಈಗಿನ ನಾಸ್ತಿಕರು ಸಂಘ ಕಟ್ಟತಾರ, ಪುಸ್ತಕ ಹಂಚತಾರ, ಮದುವಿನೂ ತಮ್ಮದ ರೀತಿಯೊಳಗ ಮಾಡತಾರ. ಆಂಧ್ರದ ಸಮಾಜ ಸುಧಾರಕ ಗೋರಾ ಅವರು 1940ರಾಗ ನಾಸ್ತಿಕ ಕೇಂದ್ರಾನ ಸುರು ಮಾಡಿದರು. ಧರ್ಮದ ಲಕ್ಷಣ ಇನ್ನೇನು ಬೇಕು?

ತರ್ಕದ ತಕ್ಕಡಿ: ಈ ಮಾತಿಗೆ ತೂಕ ಇದೆ, ಪರ ತಂಡ ಇದನ್ನೇ ಹಿಡಿಯಬೇಕು. ಆದರೆ ಹೇಳುವಾಗ "ನಾಸ್ತಿಕತೆ" ಅನ್ನಬಾರದು, "ಸಂಘಟಿತ ನಾಸ್ತಿಕ ಚಳವಳಿ" ಅನ್ನಬೇಕು. ಇಲ್ಲದಿದ್ದರೆ ವಿರೋಧದವರು ಚಾರ್ವಾಕನನ್ನು ಎಳೆದು ತರ್ತಾರೆ.

ವಿದ್ಯಾನಗರ ಕರಿಕೋಟು: ಸೆಕ್ಯುಲರ್ ವಿಚಾರ ಯಾರೂ ಎತ್ತಲಿಲ್ಲ. ಅದು ಆಡಳಿತದ ನಿಲುವು, ದೇವರಿದ್ದಾನೋ ಇಲ್ಲವೋ ಅನ್ನೋದಕ್ಕೆ ಉತ್ತರ ಅಲ್ಲ. ದಿನಾ ಪೂಜೆ ಮಾಡುವವರೂ ಸೆಕ್ಯುಲರ್ ಇರಬಹುದು. ಹಾಗೇ ನಮ್ಮ ರಾಜ್ಯದ 2017ರ ಅಮಾನವೀಯ ದುಷ್ಟಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆಯನ್ನು ನಾಸ್ತಿಕ ಕಾನೂನು ಅಂತ ಕರೀತಾರೆ. ಅದು ತಡೆಯೋದು ಪಟ್ಟಿಯಲ್ಲಿರುವ ಅಮಾನುಷ ಆಚರಣೆಗಳನ್ನು. ಪ್ರದಕ್ಷಿಣೆ, ಯಾತ್ರೆಗಳಿಗೆ ಅಡ್ಡಿ ಇಲ್ಲ.

ಇನ್ನೊಂದು: ನಾಸ್ತಿಕನಾದರೆ ಪಿತ್ರಾರ್ಜಿತ ಆಸ್ತಿ ಹೋಗುತ್ತೆ ಅನ್ನೋ ಗಾಳಿಸುದ್ದಿ. ಇಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಾಗಲಿ 1956ರ ಉತ್ತರಾಧಿಕಾರ ಕಾಯ್ದೆಯಾಗಲಿ ನಂಬಿಕೆಯ ಪರೀಕ್ಷೆ ಮಾಡಲ್ಲ. ಹಿಂದೂ ಕುಟುಂಬದಲ್ಲಿ ಹುಟ್ಟಿ ಬೆಳೆದು, ಬೇರೆ ಧರ್ಮಕ್ಕೆ ಮತಾಂತರ ಆಗಿರದಿದ್ದರೆ ಕಾನೂನಿನ ಕಣ್ಣಲ್ಲಿ ಹಿಂದೂನೇ. ಸಾಕ್ಷಿ ಕಟ್ಟೆಯಲ್ಲೂ ದೇವರ ಹೆಸರು ಬೇಡ ಅಂದರೆ 1969ರ ಪ್ರಮಾಣವಚನ ಕಾಯ್ದೆ ಪ್ರಕಾರ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು. ಸುಳ್ಳು ಹೇಳಿದರೆ ಶಿಕ್ಷೆ ಎರಡಕ್ಕೂ ಒಂದೇ.

ಅತ್ತಿಕೊಳ್ಳ ಮಾಸ್ತರ: ಪುರೋಹಿತರಿಲ್ಲದ ಮದುವಿ ಬಗ್ಗೆ ಮಕ್ಕಳು ಕೇಳ್ಯಾರ, ಅದನ್ನೂ ಹೇಳ್ರಿ ವಕೀಲರ.

ವಿದ್ಯಾನಗರ ಕರಿಕೋಟು: 1954ರ ವಿಶೇಷ ವಿವಾಹ ಕಾಯ್ದೆ. ಇಬ್ಬರಲ್ಲಿ ಒಬ್ಬರಾದರೂ 30 ದಿನ ವಾಸವಿದ್ದ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು. ಹುಡುಗ ಹುಬ್ಬಳ್ಳಿ, ಹುಡುಗಿಯ ಕಾಯಂ ವಾಸ ಗದಗ ಅಂದ್ರೆ ಹುಬ್ಬಳ್ಳಿಯಲ್ಲಿ ಕೊಟ್ಟರೂ ಪ್ರತಿ ಗದಗಕ್ಕೆ ಹೋಗುತ್ತೆ. ಗುಟ್ಟಾಗಿ ಮುಗಿಸ್ತೀವಿ ಅನ್ನೋರು ಇದನ್ನೇ ಮರೀತಾರೆ. ನೋಟಿಸ್ ಪ್ರಕಟಿಸಿ 30 ದಿನ ಆಕ್ಷೇಪಣೆಗೆ ಅವಕಾಶ. ಆಮೇಲೆ ಮೂವರು ಸಾಕ್ಷಿ, ಸಹಿ, ಅಧಿಕಾರಿಯ ಎದುರು ಒಬ್ಬರನ್ನೊಬ್ಬರು ಒಪ್ಪಿದ ಮಾತು. ಇಬ್ಬರೂ ಕಾನೂನಿನ ಪ್ರಕಾರ ಹಿಂದೂಗಳಾದರೆ 1976ರ ತಿದ್ದುಪಡಿಯಿಂದಾಗಿ ಅವಿಭಕ್ತ ಕುಟುಂಬದ ಹಕ್ಕು ಕಡಿಯಲ್ಲ. ಒಬ್ಬರು ಕ್ರಿಶ್ಚಿಯನ್ ಅಥವಾ ಮುಸ್ಲಿಂ ಆಗಿದ್ದರೆ ಹಿಂದೂ ಕಡೆಯವರು ಅವಿಭಕ್ತ ಕುಟುಂಬದಿಂದ ಬೇರೆಯಾದಂತೆ ಲೆಕ್ಕ, ಉತ್ತರಾಧಿಕಾರಕ್ಕೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಬರುತ್ತೆ. ಇಬ್ಬರೂ "ನಾವು ನಾಸ್ತಿಕರು" ಅಂದರೂ ಈ ಲೆಕ್ಕ ಬದಲಾಗಲ್ಲ. ನೋಟಿಸ್ ಕೊಟ್ಟು ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಆ ನೋಟಿಸ್ ಸತ್ತಂತೆ, ಹೊಸದಾಗಿ ಕೊಡಬೇಕು.