ಗೂನುಬೆನ್ನಿನ ಡಾಲ್ಫಿನ್, ಸದರ್ನ್ ಬರ್ಡ್‌ವಿಂಗ್ ಚಿಟ್ಟೆ: ಯಾವುದನ್ನು ಉಳಿಸುವುದು ಕಷ್ಟ?

ಕಡಲತಡಿ: ಕಾರವಾರದ ಕಡಲಲ್ಲಿ ಕಾಣುವ ಗೂನುಬೆನ್ನಿನ ಡಾಲ್ಫಿನ್, ಅಂದರೆ ಸೌಸಾ ಪ್ಲಂಬಿಯಾ, 2017ರಿಂದ ಐಯುಸಿಎನ್ (ಜೀವಿಗಳ ಅಳಿವಿನ ಅಪಾಯ ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ) ಪಟ್ಟಿಯಲ್ಲಿ ಅಳಿವಿನಂಚಿನ ಜೀವಿ. ಸುಮಾರು ಮೂರು ವರ್ಷಕ್ಕೊಂದೇ ಮರಿ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ಗೆ ಅಂಥ ಅಪಾಯವೇನಿಲ್ಲ. ಹೋಲಿಸುವ ಮಾತೇ ಬರುವುದಿಲ್ಲ.

ಈಶ್ವರಿಬಳ್ಳಿ: "ಅಪಾಯವೇನಿಲ್ಲ" ಅಂತ ಪಟ್ಟಿ ನೋಡಿ ತೀರ್ಪು ಕೊಡಬೇಡಿ. ಈ ಚಿಟ್ಟೆಯ ಹುಳು ಈಶ್ವರಿ ಬಳ್ಳಿ ಮತ್ತು ಅದೇ ಕುಟುಂಬದ ಕೆಲವು ಗಿಡ ಬಿಟ್ಟು ಬೇರೇನೂ ತಿನ್ನುವುದಿಲ್ಲ. ಬಳ್ಳಿ ಹಬ್ಬಿದ ಬೇಲಿ ಸವರಿದರೆ ಎಲೆಯಡಿಯ ಮೊಟ್ಟೆಯೂ ಹೋಯಿತು. ನಿಮ್ಮ ಡಾಲ್ಫಿನ್ ದಕ್ಷಿಣ ಆಫ್ರಿಕಾದಿಂದ ಇಲ್ಲಿವರೆಗೂ ಹರಡಿದೆ. ದೇಶದ ಅತಿ ದೊಡ್ಡ ಚಿಟ್ಟೆ ಇರುವುದು ದಕ್ಷಿಣ ಭಾರತದಲ್ಲಿ ಮಾತ್ರ.

ಅಳತೆಗೋಲು: "ಅತಿ ದೊಡ್ಡ ಚಿಟ್ಟೆ" ಹಳೇ ಮಾತು. 2020ರಲ್ಲಿ ಉತ್ತರಾಖಂಡದ ಗೋಲ್ಡನ್ ಬರ್ಡ್‌ವಿಂಗ್ ಹೆಣ್ಣಿನ ರೆಕ್ಕೆಯ ಹರವು 194 ಮಿ.ಮೀ. ಎಂದು ದಾಖಲಾಯಿತು. ಸದರ್ನ್ 190.

ಈಶ್ವರಿಬಳ್ಳಿ: 4 ಮಿ.ಮೀ.ಗೆ ಇಷ್ಟು ಹಾರಾಟವೇ? ಸತ್ತ ಚಿಟ್ಟೆಗೆ ಪಿನ್ ಚುಚ್ಚಿ ಹರಡುವಾಗ ಮುಂದಿನ ರೆಕ್ಕೆ ತುಸು ಮೇಲೆ ಸರಿದರೂ ತುದಿಯಿಂದ ತುದಿಯ ಅಳತೆ ಬದಲಾಗುತ್ತದೆ.

ಅಳತೆಗೋಲು: ಬದಲಾಗಬಾರದೆಂದೇ ಎದೆಯ ನಡುವಿನಿಂದ ಒಂದು ರೆಕ್ಕೆಯ ತುದಿಗೆ ಅಳೆದು ದುಪ್ಪಟ್ಟು ಮಾಡುವ ಕ್ರಮವಿದೆ. ಆ 190 ಕೂಡ 1932ರಲ್ಲಿ ಚಿಟ್ಟೆ ತಜ್ಞ ಇವಾನ್ಸ್ ಕೊಟ್ಟ ಲೆಕ್ಕ. ಆಗ ಸದರ್ನ್ ಪ್ರತ್ಯೇಕ ಜಾತಿಯೇ ಅಲ್ಲ, ಉಪಜಾತಿ.

ಈಶ್ವರಿಬಳ್ಳಿ: ಉಪಜಾತಿ ಅಂದಾಕ್ಷಣ ರೆಕ್ಕೆ ಕುಗ್ಗುತ್ತದೆಯೇ? ಸೌಸಾ ಪ್ಲಂಬಿಯಾವನ್ನೂ 2014ರವರೆಗೆ ಇನ್ನೊಂದು ಗೂನುಬೆನ್ನಿನ ಡಾಲ್ಫಿನ್ ಜಾತಿಯಾದ ಸೌಸಾ ಚೈನೆನ್ಸಿಸ್ ಜೊತೆಗೇ ಸೇರಿಸುತ್ತಿದ್ದರು.

ಕಡಲತಡಿ: ಸೇರಿಸಿದ್ದೇ ಅನಾಹುತ! ಒಟ್ಟಿಗೆ ಲೆಕ್ಕ ಹಾಕಿದ್ದಕ್ಕೆ ಅಪಾಯ ಕಡಿಮೆ ಕಂಡಿತು. ಇನ್ನು "ಹರಡಿದೆ" ಅಂದಿರಲ್ಲ, ಅದು ದಡದುದ್ದಕ್ಕೂ ದಾರದಂತೆ. ಹೆಚ್ಚಾಗಿ 25 ಮೀಟರಿಗಿಂತ ಕಡಿಮೆ ಆಳದ ನೀರೇ ಬೇಕು. ಗಿಲ್‌ನೆಟ್, ಅಂದರೆ ಮೀನಿನ ಕಿವಿರು ಸಿಕ್ಕಿಸುವ ಬಲೆ, ಬಿಡುವುದೂ ಅಲ್ಲೇ. ಸಿಕ್ಕಿಕೊಂಡದ್ದು ಉಸಿರಿಗೆ ಮೇಲೆ ಬರಲಾಗದೆ ಸಾಯುತ್ತದೆ.

ಬಲೆಗಾರ: ಗಿಲ್‌ನೆಟ್‌ಗೆ ಪಿಂಗರ್, ಅಂದರೆ ಸದ್ದು ಮಾಡಿ ಡಾಲ್ಫಿನ್ ದೂರವಿಡುವ ಸಾಧನ, ಕಟ್ಟಿದರೆ ಮುಗೀತಲ್ಲ ಮಾರಾಯ್ರೇ. ಮೇಲ್‌ಹಗ್ಗಕ್ಕೆ ಸುಮಾರು 100 ಮೀಟರಿಗೊಂದು.

ಕಡಲತಡಿ: ಮುಗಿಯುವುದಿಲ್ಲ. ನಡುವೆ ಒಂದರ ಬ್ಯಾಟರಿ ಸತ್ತರೆ ಅಲ್ಲೊಂದು ಸದ್ದಿಲ್ಲದ ಕಿಂಡಿ. ಸದ್ದಿಗೆ ಒಗ್ಗಿದ ಡಾಲ್ಫಿನ್ ಬಲೆಯ ಮೀನು ಹುಡುಕಿಯೇ ಬರಬಹುದು. ಬಲೆ ನೀರಲ್ಲಿರುವ ಹೊತ್ತು ಕಡಿಮೆ ಮಾಡಿ, ಕಾದು ನಿಂತು ಎತ್ತಬೇಕು.

ಬಲೆಗಾರ: ಕಾದು ನಿಂತರೆ ಡೀಸೆಲ್ ದುಡ್ಡು ಯಾರು ಕೊಡ್ತಾರೆ? ಚಿಟ್ಟೆಯಾದರೆ ಚೆಂದದ ಬಳ್ಳಿಯೊಂದು ನೆಟ್ಟರಾಯಿತು.

ಈಶ್ವರಿಬಳ್ಳಿ: "ಚೆಂದದ ಬಳ್ಳಿ"ಯೇ ವಿಷ! ನರ್ಸರಿಯಲ್ಲಿ ಸಿಗುವ ಈಶ್ವರಿ ಬಳ್ಳಿಯದೇ ಕುಲದ ದಕ್ಷಿಣ ಅಮೆರಿಕದ ಅರಿಸ್ಟೊಲೋಕಿಯಾದ ಮೇಲೆ ಆಸ್ಟ್ರೇಲಿಯಾದ ರಿಚ್ಮಂಡ್ ಬರ್ಡ್‌ವಿಂಗ್ ಮೊಟ್ಟೆಯಿಟ್ಟು ಮರಿಹುಳುಗಳೆಲ್ಲ ಸಾಯುತ್ತವೆ. ನಾಟಿ ಬಳ್ಳಿಯೇ ಬೇಕು, ಅದೂ ಹತ್ತಾರು. ಬಲಿತ ಹುಳು ಎಳೆ ಬಳ್ಳಿಯನ್ನು ಕಾಂಡದವರೆಗೂ ಮೇಯುತ್ತದೆ. ಬುಡಕ್ಕೆ ನೆರಳು, ತುದಿಗೆ ಬಿಸಿಲು, ಕೀಟನಾಶಕ ಮಾತ್ರ ಬೇಡ.

ಅಳತೆಗೋಲು: ರಿಚ್ಮಂಡ್ ನಮ್ಮ ಚಿಟ್ಟೆಯಲ್ಲ. ಅದಿರಲಿ, 194 ಒಪ್ಪಿದಿರೋ ಇಲ್ಲವೋ?

ಈಶ್ವರಿಬಳ್ಳಿ: ಎರಡನ್ನೂ ಒಂದೇ ಕ್ರಮದಲ್ಲಿ ಅಳೆದು ತೋರಿಸಿ, ಆಮೇಲೆ ಕೇಳಿ.