ಎಲ್ಲ ಮಕ್ಕಳಿಗೂ ಎಟುಕುವ ಪಾಠ: ನೀವು ಏನು ಮಾಡಿದಿರಿ, ಹೇಳಿ

ಕೇಳಿದವರು: ಪದವಿ ಕಾಲೇಜಿನ ಅರ್ಥಶಾಸ್ತ್ರ ಉಪನ್ಯಾಸಕಿ

ಮುಂದಿನ ಸೆಮಿಸ್ಟರ್ ಬಿಎ ಮೊದಲ ವರ್ಷದ ಅರ್ಥಶಾಸ್ತ್ರ ನನ್ನ ಪಾಲಿಗೆ ಬಂದಿದೆ. ಸುಮಾರು 60 ಮಕ್ಕಳು. ಒಬ್ಬನಿಗೆ ಕಣ್ಣು ಕಾಣುವುದಿಲ್ಲ. ಒಬ್ಬಳು ಕಿವಿಗೆ ಮಷಿನ್ ಹಾಕಿಕೊಳ್ಳುತ್ತಾಳೆ. ಮುಕ್ಕಾಲು ಜನ ಕನ್ನಡ ಮಾಧ್ಯಮದವರು, ಕೆಲವರು ಬೆಳಗ್ಗೆ ಕೆಲಸ ಮುಗಿಸಿ ಓಡೋಡಿ ಬರುವವರು. ಒಬ್ಬೊಬ್ಬರಿಗೂ ಬೇರೆ ನೋಟ್ಸ್ ಮಾಡುತ್ತಾ ಕೂರಲು ನನ್ನ ಕೈಲಾಗದು. ರಜೆ ಇನ್ನು ಮೂರು ವಾರ ಇದೆ. ಎಲ್ಲಿಂದ ಶುರು ಮಾಡಲಿ?

ಕಣ್ಣು ಕಾಣದ ಹಳೆಯ ವಿದ್ಯಾರ್ಥಿ, ಎಂಎ ಮುಗಿಸಿದ್ದೇನೆ

ಮೇಡಂ, ಫೈಲ್‌ನಿಂದ ಶುರು ಮಾಡಿ. ನಾನು ಓದುವುದು ಎನ್‌ವಿಡಿಎ ಎಂಬ ತಂತ್ರಾಂಶದಲ್ಲಿ. ಪುಕ್ಕಟೆ ಸಿಗುತ್ತದೆ, ಪರದೆಯ ಮೇಲಿನ ಅಕ್ಷರವನ್ನು ಜೋರಾಗಿ ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ಆದರೆ ನಮ್ಮ ಮೇಷ್ಟ್ರುಗಳ ನೋಟ್ಸ್ ಎಲ್ಲ ಹಳೆಯ ನುಡಿ ಫಾಂಟಿನಲ್ಲಿ! ಅದು ಯೂನಿಕೋಡ್ ಅಲ್ಲ, ಅಂದರೆ ಎಲ್ಲ ತಂತ್ರಾಂಶಕ್ಕೂ ಅರ್ಥವಾಗುವ ಅಕ್ಷರ ಸಂಕೇತ ಅಲ್ಲ. ನಿಮ್ಮ ಕಣ್ಣಿಗೆ ‘ಕನ್ನಡ’ ಎಂದು ಕಾಣುವ ಪದ ಕಂಪ್ಯೂಟರಿನ ಒಳಗೆ ಪಿ, ಎ, ಪೌಂಡ್ ಗುರುತು ಅಂತೆಲ್ಲ ಕುಳಿತಿರುತ್ತದೆ. ನನಗೆ ಕೇಳಿಸುವುದೂ ಅದೇ. ಒಂದು ಸೆಮಿಸ್ಟರ್ ಪೂರ್ತಿ ತಂಗಿಯ ಕೈಲಿ ಓದಿಸಿಕೊಂಡೆ, ಪಾಪ.

ಪುಸ್ತಕ ಸ್ಕ್ಯಾನ್ ಮಾಡಿದ ಪಿಡಿಎಫ್ ಕೂಡ ಹಾಗೇ. ಅದು ಬರೀ ಫೋಟೋ, ಮೌನ. ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಅಕ್ಷರ ಎತ್ತಿಕೊಡುತ್ತದೆ, ತಪ್ಪು ತಿದ್ದಬೇಕು ಅಷ್ಟೇ. ತಲೆಬರಹವನ್ನು ಸುಮ್ನೆ ದಪ್ಪ ಮಾಡಬೇಡಿ, ವರ್ಡ್‌ನಲ್ಲಿ ‘ಹೆಡಿಂಗ್’ ಎಂದೇ ಗುರುತಿಸಿ. ಆಗ ನಾನು ಒಂದು ಕೀಲಿ ಒತ್ತಿ ಮೂರನೇ ಅಧ್ಯಾಯಕ್ಕೆ ಹಾರುತ್ತೇನೆ. ಇಲ್ಲದಿದ್ದರೆ 40 ಪುಟ ಮೊದಲಿಂದ ಕೇಳಬೇಕು.

ಇನ್ನು ಬೋರ್ಡ್. ‘ಇದು ಇಲ್ಲಿಂದ ಹೀಗೆ ಇಳಿಯುತ್ತೆ’ ಎಂದರೆ ನನಗೆ ಏನೂ ಇಳಿಯುವುದಿಲ್ಲ. ‘ಬೆಲೆ ಇಳಿದ ಹಾಗೆ ಬೇಡಿಕೆಯ ಗೆರೆ ಎಡಗಡೆ ಮೇಲಿನಿಂದ ಬಲಗಡೆ ಕೆಳಕ್ಕೆ’ ಎನ್ನಿ. ಒಬ್ಬ ಗೆಳೆಯ ರಟ್ಟಿನ ಮೇಲೆ ಫೆವಿಕಾಲ್ ಹಚ್ಚಿ ಸೆಣಬಿನ ದಾರ ಅಂಟಿಸಿ ಬೇಡಿಕೆ, ಪೂರೈಕೆ ಗೆರೆಗಳನ್ನು ಮಾಡಿಕೊಟ್ಟಿದ್ದ. ಎರಡು ದಾರ ಕೂಡುವ ಜಾಗಕ್ಕೆ ಬೆರಳು ತಾಗಿದಾಗ, ಬೇಡಿಕೆ ಪೂರೈಕೆ ಸರಿದೂಗುವ ಸಮತೋಲನ ಬೆಲೆ ಅಂದರೇನು ಎಂದು ಗೊತ್ತಾಯಿತು. ಆ ರಟ್ಟನ್ನು ಕಣ್ಣಿರುವವರೂ ಕೇಳಿ ಪಡೆದು ಹೋದರು.

ಸಂಖ್ಯಾಶಾಸ್ತ್ರ ಮೇಷ್ಟ್ರು, 19 ವರ್ಷದ ಸರ್ವಿಸ್

ನಾನು ಬದಲಿಸಿದ್ದು ಟೆಸ್ಟ್. ಬರಹಗಾರರ, ಅಂದರೆ ಹೇಳಿದ ಉತ್ತರವನ್ನು ಬರೆದುಕೊಡುವವರ, ನೆರವು ಪಡೆಯುವವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕೊಡಬೇಕು ಎಂದು ಕೇಂದ್ರದ 2018ರ ಮಾರ್ಗಸೂಚಿ ಹೇಳಿತ್ತು. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ದೊಡ್ಡ ಪರೀಕ್ಷೆಯಲ್ಲಿ ಇದು ಹೇಗೋ ನಡೆಯುತ್ತದೆ, ತರಗತಿಯ ಟೆಸ್ಟಿನಲ್ಲಿ ಎಲ್ಲರೂ ಮರೆಯುತ್ತಾರೆ. ನಾನೂ ಮರೆತಿದ್ದೆ, ಒಬ್ಬ ಹುಡುಗ ಅರ್ಧ ಬರೆದು ಪೇಪರ್ ಕೊಟ್ಟು ಹೋದ. ಈಗ 40 ನಿಮಿಷದ ಪ್ರಶ್ನೆ ಪತ್ರಿಕೆ ಮಾಡಿ ಎಲ್ಲರಿಗೂ ಒಂದು ಗಂಟೆ ಕೊಡುತ್ತೇನೆ. ಯಾರೂ ಬಂದು ‘ಸಾರ್, ನನಗೆ ಸ್ವಲ್ಪ ಟೈಮ್’ ಎಂದು ಗೋಗರೆಯಬೇಕಿಲ್ಲ. ಹೇಳಿಕೊಳ್ಳಲು ನಾಚುವವರು, ಓದು ಬರಹ ತೊಡಕಾಗುವ ಡಿಸ್ಲೆಕ್ಸಿಯಾ ಇದ್ದೂ ಸರ್ಟಿಫಿಕೇಟ್ ಇಲ್ಲದವರು, ಎಲ್ಲರಿಗೂ ಅದರಲ್ಲೇ ಆಗುತ್ತದೆ. ‘ಮಕ್ಕಳನ್ನು ಮೆತ್ತಗೆ ಮಾಡ್ತಿದ್ದೀರಿ’ ಎಂದು ಸ್ಟಾಫ್ ರೂಮಿನಲ್ಲಿ ಅಂದವರೂ ಇದ್ದಾರೆ. ನಾನು ಅಳೆಯುವುದು ಸಂಖ್ಯಾಶಾಸ್ತ್ರವನ್ನು, ಕೈಯ ವೇಗವನ್ನಲ್ಲ.

ಬರಹಗಾರರನ್ನು ವಿದ್ಯಾರ್ಥಿ ಎರಡು ದಿನ ಮೊದಲೇ ಭೇಟಿಯಾಗುವಂತೆ ನೋಡಿಕೊಳ್ಳಿ. ಅದೂ ಆ ಮಾರ್ಗಸೂಚಿಯಲ್ಲೇ ಇತ್ತು.

ಕಿವಿಯ ಮಷಿನ್ ಹಾಕುವವಳು, ಈಗ ಬಿಎಡ್

ಮುಂದಿನ ಬೆಂಚಿನಲ್ಲಿ ಕೂರಿಸಿದರೆ ಮುಗಿಯಿತು ಅಂದುಕೊಳ್ಳುತ್ತಾರೆ. ಅಲ್ಲಿಂದ ಹಿಂದೆ ಕೂತವರ ಪ್ರಶ್ನೆ ಕೇಳಿಸುವುದಿಲ್ಲ, ಅವರ ಮುಖವೂ ಕಾಣುವುದಿಲ್ಲ. ಎರಡನೇ ಸಾಲಿನ ಪಕ್ಕದ ಜಾಗ ನನಗೆ ಸರಿ ಹೋಗುತ್ತಿತ್ತು. ಅವಳನ್ನೇ ಕೇಳಿ ಮೇಡಂ. ಫ್ಯಾನಿನ ಗರಗರ ಶಬ್ದವನ್ನೂ ಮಷಿನ್ ದೊಡ್ಡದು ಮಾಡುತ್ತದೆ, ಅವಳ ತಲೆಯ ಮೇಲಿನದ್ದನ್ನು ಆರಿಸಿ. ಬೋರ್ಡಿಗೆ ಮುಖ ಮಾಡಿ ಮಾತಾಡಬೇಡಿ. ಬೇರೆಯವರು ಕೇಳಿದ ಪ್ರಶ್ನೆಯನ್ನು ಇನ್ನೊಮ್ಮೆ ನೀವೇ ಹೇಳಿ, ಆಮೇಲೆ ಉತ್ತರ.

ಕನ್ನಡ ಮಾಧ್ಯಮದಿಂದ ಬಂದ ಉಪನ್ಯಾಸಕ

ಕನ್ನಡ ಪದ ಕೊಟ್ಟರೆ ಸಾಕು ಎಂಬುದೂ ಭ್ರಮೆ. ‘ಸ್ಥಿತಿಸ್ಥಾಪಕತ್ವ’ ಎಂದರೆ ‘ಎಲಾಸ್ಟಿಸಿಟಿ’ಗಿಂತ ಜಾಸ್ತಿ ಹೆದರುತ್ತಾರೆ! ಮೊದಲು ಉಪ್ಪಿನ ಬೆಲೆ ಎರಡರಷ್ಟಾದರೆ ಎಷ್ಟು ಕಡಿಮೆ ಕೊಳ್ಳುತ್ತೀರಿ, ಹೋಟೆಲ್ ಮಸಾಲೆದೋಸೆ ಬೆಲೆ ಎರಡರಷ್ಟಾದರೆ ಎಷ್ಟು ಕಡಿಮೆ ತಿನ್ನುತ್ತೀರಿ ಎಂದು ಕೇಳುತ್ತೇನೆ. ಬೆಲೆ ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬುದೇ ಅದು. ಪದ ಆಮೇಲೆ, ಎರಡೂ ಭಾಷೆಯಲ್ಲಿ. ಕೆಲಸಕ್ಕೆ ಹೋಗುವವರಿಗೆ ಪಾಠದ ವಿಡಿಯೋ ಬೇಡ, ಡೇಟಾ ಮುಗಿಯುತ್ತದೆ. ಹತ್ತು ನಿಮಿಷದ ಆಡಿಯೋ ಕಳಿಸಿ, ಬಸ್ಸಿನಲ್ಲಿ ಕೇಳುತ್ತಾರೆ.

ಕೇಳಿದವರು, ಮತ್ತೆ

ನೋಟ್ಸ್ ತೆಗೆದು ನೋಡಿದೆ. 14 ಫೈಲಿನಲ್ಲಿ 11 ಹಳೆಯ ನುಡಿ. ನುಡಿಯನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ನೆಟ್‌ನಲ್ಲಿ ಸಿಕ್ಕಿತು, ಅದಕ್ಕೆ ಒಂದನ್ನು ಹಾಕಿದೆ, ಅರ್ಕಾವತ್ತು ಇದ್ದ ಕಡೆ ಕೆಲವು ಪದ ಕೆಟ್ಟಿವೆ. ‘ಅರ್ಥಶಾಸ್ತ್ರ’ವೇ ಕೆಟ್ಟಿದೆ ನೋಡಿ! ಇದಕ್ಕೇನು ಮಾಡಲಿ?

ಕಣ್ಣು ಕಾಣದ ಹಳೆಯ ವಿದ್ಯಾರ್ಥಿ

ಒಂದೊಂದೇ ತಿದ್ದಬೇಡಿ ಮೇಡಂ. ಕೆಟ್ಟ ಪದವನ್ನು ಕಾಪಿ ಮಾಡಿ ‘ಫೈಂಡ್ ಅಂಡ್ ರಿಪ್ಲೇಸ್’ ಕೊಡಿ, ಫೈಲಿನಲ್ಲಿ ಅದು ಇರುವ ಕಡೆಯೆಲ್ಲ ಒಟ್ಟಿಗೆ ಸರಿಯಾಗುತ್ತದೆ. ಮೊದಲ ಫೈಲ್ ಮುಗಿದ ಮೇಲೆ ಎನ್‌ವಿಡಿಎ ಹಾಕಿಕೊಂಡು ಪರದೆ ಆರಿಸಿ ಒಮ್ಮೆ ಕೇಳಿ. ಎಲ್ಲಿ ಎಡವುತ್ತದೆ ಎಂದು ನಿಮಗೇ ಗೊತ್ತಾಗುತ್ತದೆ.